ಡಿಸ್ಕ್ ತುಂಬದಿದ್ದರೂ ‘ಫುಲ್’ ಅನ್ನುತ್ತಿದೆಯಾ? ಅಳಿಸುವ ಮೊದಲು ಲೆಕ್ಕ ನೋಡಿ

ಮಂಡ್ಯದ ನೂರಡಿ ರಸ್ತೆಯ ಹತ್ತಿರ ನನಗೆ ಪರಿಚಯದ ಒಂದು ಡಿಟಿಪಿ ಅಂಗಡಿ ಇದೆ. ಝೆರಾಕ್ಸ್, ಪಹಣಿ ಪ್ರಿಂಟು, ಲಗ್ನಪತ್ರಿಕೆ, ಊರಹಬ್ಬದ ಫ್ಲೆಕ್ಸ್, ಎಲ್ಲಾ ಒಂದೇ ಕಂಪ್ಯೂಟರಿನಲ್ಲಿ. ಮದುವೆ ಸೀಸನ್ನಿನಲ್ಲಿ ಒಂದು ದಿನ ಅಂಗಡಿಯ ಹುಡುಗ ಮೈಸೂರಿನಲ್ಲಿದ್ದ ನನಗೆ ಫೋನ್ ಮಾಡಿದ.

“ಅಣ್ಣ, ಸಿ ಡ್ರೈವ್ ಫುಲ್ ಅಂತದೆ. ಏನೂ ಹಾಕಿಲ್ಲ ಕಣಣ್ಣ. ನಿನ್ನೆ ಹತ್ತು ಜಿಬಿ ಅಳಿಸ್ದೆ, ಬೆಳಿಗ್ಗೆ ನೋಡುದ್ರೆ ಮತ್ತೆ ಕೆಂಪು. ಪತ್ರಿಕೆ ಸೇವ್ ಆಯ್ತಿಲ್ಲ, ಹುಡುಗಿ ಕಡೆಯವರು ಮುಂದೆ ಕೂತವ್ರೆ.”

“ಇನ್ನು ಏನನ್ನೂ ಅಳಿಸಬೇಡ, ಪತ್ರಿಕೆ ಡಿ ಡ್ರೈವಿಗೆ ಸೇವ್ ಮಾಡು, ಬರ್ತೀನಿ” ಅಂದೆ. ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಕೈಗೆ ಸಿಕ್ಕಿದ್ದನ್ನು ಅಳಿಸುತ್ತಾ ಹೋಗುತ್ತಾರೆ, ಜಾಗ ಬರುವುದಿಲ್ಲ, ಕೊನೆಗೆ ಫಾರ್ಮ್ಯಾಟ್ ಹೊಡೆಯುತ್ತಾರೆ. ಡಿಸ್ಕ್ ನಿಜವಾಗಿ ಸುಳ್ಳು ಹೇಳುವುದು ಅಪರೂಪ. ಬಹಳ ಸಲ ಅದು ಹೇಳುವ ಲೆಕ್ಕಕ್ಕೂ ನಮ್ಮ ಕಣ್ಣಿಗೆ ಕಾಣುವ ಲೆಕ್ಕಕ್ಕೂ ತಾಳೆ ಆಗುತ್ತಿರುವುದಿಲ್ಲ, ಅಷ್ಟೆ. ಎಷ್ಟು ಜಿಬಿ ವ್ಯತ್ಯಾಸ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಇಲ್ಲಿ ಹೇಳುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ. ಮೆನು ಹೆಸರುಗಳನ್ನು ಸ್ಕ್ರೀನಿನ ಮೇಲೆ ಇರುವ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡಬೇಕಾದ ಕಮಾಂಡುಗಳನ್ನು ಮಾತ್ರ ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಮೊದಲ ಹೆಜ್ಜೆ: ಕಾಗದ, ಪೆನ್ನು

‘ದಿಸ್ ಪಿಸಿ’ ತೆರೆಯಿರಿ. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ಒತ್ತಿ. ‘ಯೂಸ್ಡ್ ಸ್ಪೇಸ್’ ಎಷ್ಟಿದೆ ಅಂತ ಕಾಗದದ ಮೇಲೆ ಬರೆದುಕೊಳ್ಳಿ.

ಈಗ ಸಿ ಡ್ರೈವಿನ ಒಳಗೆ ಹೋಗಿ. ‘ವ್ಯೂ’ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ ಆನ್ ಮಾಡಿ. ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲ ಫೋಲ್ಡರುಗಳನ್ನೂ ಆರಿಸಿ, ರೈಟ್ ಕ್ಲಿಕ್ ಮಾಡಿ ಮತ್ತೆ ‘ಪ್ರಾಪರ್ಟೀಸ್’. ಎಣಿಕೆ ಮುಗಿಯುವವರೆಗೆ ಕಾಯಿರಿ. ಒಂದು ಕಾಫಿ ಕುಡಿಯುವಷ್ಟು ಹೊತ್ತು ಹಿಡಿಯಬಹುದು. ಅಲ್ಲಿ ‘ಸೈಜ್’, ‘ಸೈಜ್ ಆನ್ ಡಿಸ್ಕ್’ ಅಂತ ಎರಡು ಸಂಖ್ಯೆ ಬರುತ್ತವೆ. ನಮಗೆ ಬೇಕಾದದ್ದು ಎರಡನೆಯದು.

ಮಂಡ್ಯದ ಅಂಗಡಿಯಲ್ಲಿ ಬಂದ ಲೆಕ್ಕ ಹೀಗಿತ್ತು. ಡ್ರೈವಿನ ಗಾತ್ರ 237 ಜಿಬಿ. ಬಳಕೆಯಾದದ್ದು 234. ಉಳಿದದ್ದು 3. ಆದರೆ ಎಲ್ಲ ಫೋಲ್ಡರ್ ಸೇರಿಸಿ ಕಣ್ಣಿಗೆ ಕಂಡದ್ದು ಸುಮಾರು 130 ಜಿಬಿ. ಅಂದರೆ 104 ಜಿಬಿ ಎಲ್ಲೋ ಮಾಯ. ಹುಡುಗ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವನು ನಿಜಕ್ಕೂ ಅಷ್ಟೊಂದು ಹಾಕಿರಲಿಲ್ಲ.

ಈ ಲೆಕ್ಕ ಪೈಸೆಗೆ ಪೈಸೆ ತಾಳೆಯಾಗಬೇಕು ಅಂತ ಕೂರಬೇಡಿ. ವಿಂಡೋಸ್ ಫೋಲ್ಡರಿನಲ್ಲಿ ಒಂದೇ ಫೈಲಿಗೆ ಎರಡು ಮೂರು ಹೆಸರು ಇರುತ್ತವೆ. ಅದು ಎರಡೆರಡು ಸಲ ಎಣಿಕೆಗೆ ಬರುತ್ತದೆ. ಅದಕ್ಕೇ ಅಲ್ಲಿ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಐದಾರು ಜಿಬಿ ಆಚೆ ಈಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ನೂರು ಜಿಬಿ ವ್ಯತ್ಯಾಸ ಬಂದರೆ ಮಾತ್ರ ಬಿಡಬೇಡಿ.

ಅಂದಹಾಗೆ, ಇನ್ನೊಂದು ದೂರು ಬಹಳ ಬರುತ್ತದೆ. ‘1 ಟಿಬಿ ಡಿಸ್ಕ್ ತಗೊಂಡೆ, 931 ಜಿಬಿ ಮಾತ್ರ ತೋರಿಸ್ತಿದೆ, ಅಂಗಡಿಯವ ಮೋಸ ಮಾಡಿದ’ ಅಂತ. ಮೋಸ ಅಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಗುಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಭಾಗಿಸುತ್ತದೆ. ಹಾಗಾಗಿ 1 ಟಿಬಿ 931 ಆಗುತ್ತದೆ, 500 ಜಿಬಿ 465 ಆಗುತ್ತದೆ, 256 ಜಿಬಿ 238 ಆಗುತ್ತದೆ. ಅದನ್ನು ಹುಡುಕಿ ಹೋಗುವುದು ವ್ಯರ್ಥ.

ಅಡಗಿರುವ ನಾಲ್ಕು ಜಾಗಗಳು

ವಿಂಡೋಸ್ ಕೆಲವು ಫೈಲುಗಳನ್ನು ‘ಹಿಡನ್ ಐಟಮ್ಸ್’ ಆನ್ ಮಾಡಿದರೂ ತೋರಿಸುವುದಿಲ್ಲ. ವ್ಯತ್ಯಾಸ ದೊಡ್ಡದಿದ್ದರೆ ಅದರ ಬಹುಪಾಲು ಇಲ್ಲೇ ಕೂತಿರುತ್ತದೆ.

ಮೊದಲು ರಿಸ್ಟೋರ್ ಪಾಯಿಂಟ್ ನೋಡಿ. ಕಂಪ್ಯೂಟರ್ ಕೆಟ್ಟರೆ ಹಿಂದಿನ ಸ್ಥಿತಿಗೆ ಹೋಗಲಿ ಅಂತ ವಿಂಡೋಸ್ ಹಳೆಯದರ ಪ್ರತಿ ಎತ್ತಿಡುವ ಗೋದಾಮು ಇದು. ಇರುವುದು ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್’ ಅನ್ನುವ ಫೋಲ್ಡರಿನಲ್ಲಿ. ಅದರೊಳಗೆ ನಮಗೆ ಪ್ರವೇಶ ಇಲ್ಲ. ಸ್ಟಾರ್ಟ್ ಒತ್ತಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಅಂತ ಹುಡುಕಿ. ತೆರೆದ ಕಿಟಕಿಯಲ್ಲಿ ಸಿ ಡ್ರೈವ್ ಆರಿಸಿ ‘ಕಾನ್ಫಿಗರ್’ ಒತ್ತಿ. ‘ಕರೆಂಟ್ ಯೂಸೇಜ್’ ಎದುರಿಗೆ ಎಷ್ಟಿದೆ ನೋಡಿ.

ನಾವು ನೋಡಿದಾಗ ಅಲ್ಲಿ 71 ಜಿಬಿ! ಯಾರೋ ಹಿಂದೆ ರಿಪೇರಿಗೆ ಬಂದವರು ‘ಮ್ಯಾಕ್ಸ್ ಯೂಸೇಜ್’ ಕಡ್ಡಿಯನ್ನು ಶೇಕಡಾ 30ಕ್ಕೆ ಎಳೆದಿಟ್ಟಿದ್ದರು. ಹುಡುಗ ಅಳಿಸಿದರೂ ಜಾಗ ಬಾರದೆ ಇದ್ದುದಕ್ಕೆ ಇದೂ ಒಂದು ಕಾರಣ. ಅಳಿಸಿದ ಜಾಗದ ಮೇಲೆ ಹೊಸ ಫೈಲ್ ಬರೆದಾಗ ಹಳೆಯದರ ಪ್ರತಿ ಈ ಗೋದಾಮಿಗೆ ಬಂದು ಕೂರುತ್ತದೆ. ಒಂದು ಕಡೆ ಖಾಲಿ ಮಾಡಿದರೆ ಇನ್ನೊಂದು ಕಡೆ ಊದಿಕೊಳ್ಳುತ್ತದೆ. ಕಡ್ಡಿಯನ್ನು ಶೇಕಡಾ 5ಕ್ಕೆ ತಂದು ‘ಅಪ್ಲೈ’ ಒತ್ತಿದೆವು. ಹಳೆಯ ಪಾಯಿಂಟುಗಳು ಹೋದವು. ಪೂರ್ತಿ ಆಫ್ ಮಾಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕೆಟ್ಟ ಡ್ರೈವರ್ (ಪ್ರಿಂಟರಿನಂಥದ್ದನ್ನು ಓಡಿಸುವ ಸಾಫ್ಟ್‌ವೇರ್) ಒಂದು ಬಂದು ಕೂತ ದಿನ ಇದೇ ಕಾಪಾಡುತ್ತದೆ.

ಎರಡನೆಯದು ರಿಸೈಕಲ್ ಬಿನ್. ನಗಬೇಡಿ. ‘ಅಳಿಸ್ದೆ’ ಅಂದವರಲ್ಲಿ ಅರ್ಧ ಜನ ಅದನ್ನು ಖಾಲಿ ಮಾಡಿರುವುದಿಲ್ಲ. ಖಾಲಿ ಮಾಡುವವರೆಗೆ ಒಂದು ಕೆಬಿಯೂ ವಾಪಸ್ ಬರುವುದಿಲ್ಲ. ನಮ್ಮ ಹುಡುಗನ ಬಿನ್ನಿನಲ್ಲಿ 13 ಜಿಬಿ ಇತ್ತು. ಪ್ರತಿ ಡ್ರೈವಿಗೂ, ಪ್ರತಿ ಯೂಸರಿಗೂ ಬೇರೆ ಬೇರೆ ಬಿನ್ ಇರುತ್ತದೆ ಅನ್ನುವುದು ನೆನಪಿರಲಿ. ನಿಮ್ಮ ಲಾಗಿನ್‌ನಲ್ಲಿ ಖಾಲಿ ಮಾಡಿದರೆ ಇನ್ನೊಬ್ಬರದು ಹಾಗೇ ಉಳಿಯುತ್ತದೆ.

ಮೂರನೆಯದು ಹೈಬರ್ನೇಶನ್ ಫೈಲ್. ಹೈಬರ್ನೇಟ್ ಮಾಡಿದಾಗ, ತೆರೆದಿರುವ ಕೆಲಸವನ್ನೆಲ್ಲ ಹಾಗೇ ಡಿಸ್ಕಿಗೆ ಬರೆದಿಟ್ಟು ಕಂಪ್ಯೂಟರ್ ಆಫ್ ಆಗುತ್ತದೆ, ಬರೆದಿಡುವುದು ಇದರಲ್ಲೇ. ಸಾಮಾನ್ಯವಾಗಿ ರ‍್ಯಾಮ್‌ನ ಶೇಕಡಾ 40ರಷ್ಟು ಜಾಗ ಹಿಡಿಯುತ್ತದೆ. 16 ಜಿಬಿ ರ‍್ಯಾಮ್ ಇದ್ದ ಈ ಅಂಗಡಿಯ ಕಂಪ್ಯೂಟರಿನಲ್ಲಿ ಸುಮಾರು 6.4 ಜಿಬಿ. ಅಂಗಡಿ ಕಂಪ್ಯೂಟರಿಗೆ ಹೈಬರ್ನೇಟ್ ಯಾಕೆ? ಸ್ಟಾರ್ಟ್‌ನಲ್ಲಿ ಸಿಎಂಡಿ ಅಂತ ಹುಡುಕಿ, ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿ. ಕಪ್ಪು ಕಿಟಕಿಯಲ್ಲಿ ಪವರ್‌ಸಿಎಫ್‌ಜಿ (ಪಿ, ಓ, ಡಬ್ಲ್ಯು, ಇ, ಆರ್, ಸಿ, ಎಫ್, ಜಿ) ಎಂದು ಒಂದೇ ಪದವಾಗಿ ಟೈಪ್ ಮಾಡಿ, ಜಾಗ ಬಿಟ್ಟು ಸ್ಲ್ಯಾಶ್ ಎಚ್, ಮತ್ತೆ ಜಾಗ ಬಿಟ್ಟು ಆಫ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಇದರಿಂದ ‘ಫಾಸ್ಟ್ ಸ್ಟಾರ್ಟಪ್’ ಕೂಡ ಹೋಗುತ್ತದೆ. ಕಂಪ್ಯೂಟರ್ ಆನ್ ಆಗಲು ಕೆಲವು ಸೆಕೆಂಡ್ ಜಾಸ್ತಿ ಹಿಡಿಯಬಹುದು.

ನಾಲ್ಕನೆಯದು ಪೇಜ್ ಫೈಲ್. ರ‍್ಯಾಮ್ ಸಾಲದಾದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಜಾಗ. ಇಲ್ಲಿ ಸುಮಾರು 9 ಜಿಬಿ ಇತ್ತು. ಅದನ್ನು ಮುಟ್ಟಬೇಡಿ, ವಿಂಡೋಸ್ ಪಾಡಿಗೆ ಬಿಡಿ.

ಕಾಗದದಲ್ಲಿ ಕೂಡಿಸಿದೆವು. 71, 13, 6.4, 9. ಒಟ್ಟು 99.4. ಇನ್ನೂ ನಾಲ್ಕೂವರೆ ಜಿಬಿ ಬಾಕಿ. ಅದರ ಕತೆ ಕೊನೆಯಲ್ಲಿ ಹೇಳುತ್ತೇನೆ.

ಕಣ್ಣಿಗೆ ಕಾಣುವುದೇ ಜಾಸ್ತಿ ಇದ್ದರೆ

ನಿಮ್ಮ ಲೆಕ್ಕದಲ್ಲಿ ವ್ಯತ್ಯಾಸ ಬರಲಿಲ್ಲ ಅಂದರೆ ಡಿಸ್ಕ್ ನಿಜವಾಗಿ ತುಂಬಿದೆ. ನಿಮಗೆ ಗೊತ್ತಿಲ್ಲದ ಜಾಗದಲ್ಲಿ ತುಂಬಿದೆ, ಅಷ್ಟೆ. ‘ವಿಜ್‌ಟ್ರೀ’ ಅಥವಾ ‘ವಿನ್‌ಡಿರ್‌ಸ್ಟ್ಯಾಟ್’ ಅನ್ನುವ ಸಾಫ್ಟ್‌ವೇರ್ ಹಾಕಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ. ಯಾವ ಫೋಲ್ಡರ್ ಎಷ್ಟು ತಿಂದಿದೆ ಅಂತ ಚಿತ್ರದಲ್ಲೇ ತೋರಿಸುತ್ತವೆ. ನನಗೆ ವಿಜ್‌ಟ್ರೀ ಇಷ್ಟ. ಡಿಸ್ಕಿನ ಫೈಲ್ ಪಟ್ಟಿಯನ್ನೇ ನೇರವಾಗಿ ಓದುವುದರಿಂದ ಕೆಲವೇ ಸೆಕೆಂಡಿನಲ್ಲಿ ಮುಗಿಸುತ್ತದೆ.

ಡಿಟಿಪಿ ಅಂಗಡಿಗಳಲ್ಲಿ ನಾನು ಕಂಡ ಹಾಗೆ ದೊಡ್ಡ ಅಪರಾಧಿ ಫೋಟೋಶಾಪ್‌ನ ತಾತ್ಕಾಲಿಕ ಫೈಲು. ಹತ್ತಡಿ ಫ್ಲೆಕ್ಸ್ ತೆರೆದಿರುವಾಗ ಕರೆಂಟ್ ಹೋದರೆ ಆ ಫೈಲು ಟೆಂಪ್ ಫೋಲ್ಡರಿನಲ್ಲೇ ಉಳಿದುಬಿಡುತ್ತದೆ. ಹೀಗೆ ನಾಲ್ಕೈದು ಸಲ ಆದರೆ ಲೆಕ್ಕ ಹಾಕಿಕೊಳ್ಳಿ. ಫೋಟೋಶಾಪ್ ಮುಚ್ಚಿ. ವಿಂಡೋಸ್ ಕೀ ಮತ್ತು ಆರ್ ಒತ್ತಿ, ಪರ್ಸೆಂಟ್ ಚಿಹ್ನೆ, ಟೆಂಪ್, ಮತ್ತೆ ಪರ್ಸೆಂಟ್ ಚಿಹ್ನೆ ಹಾಕಿ ಎಂಟರ್ ಒತ್ತಿ. ‘ಫೋಟೋಶಾಪ್ ಟೆಂಪ್’ ಅಂತ ಶುರುವಾಗುವ ದೊಡ್ಡ ಫೈಲುಗಳನ್ನು ಅಳಿಸಿ. ಆಮೇಲೆ ಫೋಟೋಶಾಪ್‌ನ ಪ್ರಿಫರೆನ್ಸಸ್‌ನಲ್ಲಿ ‘ಸ್ಕ್ರ್ಯಾಚ್ ಡಿಸ್ಕ್ಸ್’ಗೆ ಹೋಗಿ ಡಿ ಡ್ರೈವಿಗೆ ಟಿಕ್ ಹಾಕಿ.

ವಿಂಡೋಸ್ ದೊಡ್ಡ ಅಪ್‌ಡೇಟ್ ಆದ ಮೇಲೆ ಹಳೆಯ ವಿಂಡೋಸ್ ಪೂರ್ತಿಯಾಗಿ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರಿನಲ್ಲಿ ಕೂತಿರುತ್ತದೆ. 10 ದಿನ ಕಳೆದರೆ ತಾನೇ ಹೋಗಬೇಕು. ಹೋಗಿಲ್ಲದಿದ್ದರೆ ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಸ್ಟೋರೇಜ್’, ‘ಟೆಂಪರರಿ ಫೈಲ್ಸ್’ ದಾರಿಯಲ್ಲಿ ಹೋಗಿ ಟಿಕ್ ಹಾಕಿ ತೆಗೆಯಿರಿ. ಹುಷಾರು: ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಅಂತಲೂ ಒಂದು ಸಾಲು ಇರುತ್ತದೆ. ಸುಮ್ನೆ ಎಲ್ಲಕ್ಕೂ ಟಿಕ್ ಹಾಕಿದರೆ ಗಿರಾಕಿಗಳ ಆಧಾರ್, ಪಹಣಿ, ಅಂಕಪಟ್ಟಿ ಎಲ್ಲಾ ಒಟ್ಟಿಗೆ ಹೋಗುತ್ತವೆ.

ಕೈಯಿಂದ ಮುಟ್ಟಲೇಬಾರದ ಎರಡು ಫೋಲ್ಡರುಗಳಿವೆ. ವಿಂಡೋಸ್ ಒಳಗಿನ ‘ವಿನ್‌ಎಸ್‌ಎಕ್ಸ್‌ಎಸ್’ ಮತ್ತು ‘ಇನ್‌ಸ್ಟಾಲರ್’. ದೊಡ್ಡದಾಗಿ ಕಾಣುತ್ತವೆ, ಕೈ ತುರಿಸುತ್ತದೆ. ಬಿಡಿ. ಮೊದಲನೆಯದನ್ನು ಅಳಿಸಿದರೆ ವಿಂಡೋಸ್ ಏಳುವುದಿಲ್ಲ. ಎರಡನೆಯದನ್ನು ಅಳಿಸಿದರೆ ಸಾಫ್ಟ್‌ವೇರ್ ಅಪ್‌ಡೇಟ್ ಆಗುವುದಿಲ್ಲ, ತೆಗೆಯಲೂ ಬರುವುದಿಲ್ಲ.

ರಿಜಿಸ್ಟರಿನ ತಪ್ಪು

ನಿಜವಾಗಿಯೂ ಡಿಸ್ಕ್ ತಪ್ಪು ಲೆಕ್ಕ ಹೇಳುವ ಸಂದರ್ಭವೂ ಇದೆ. ದಸರಾ ಸಮಯದ ಮೈಸೂರಿನ ಲಾಡ್ಜು ನೆನಪಿಸಿಕೊಳ್ಳಿ. ಬಾಗಿಲಲ್ಲಿ ‘ರೂಮು ಖಾಲಿ ಇಲ್ಲ’ ಬೋರ್ಡು. ರಿಜಿಸ್ಟರಿನಲ್ಲಿ 14ನೇ ರೂಮಿಗೆ ಹೆಸರು ಬರೆದಿದೆ. ಆ ರೂಮಿನವರು ಬೆಳಿಗ್ಗೆಯೇ ಬೀಗದ ಕೈ ಕೌಂಟರಿನ ಮೇಲಿಟ್ಟು, ಚಾಮುಂಡಿ ಬೆಟ್ಟ ಮುಗಿಸಿ ಊರಿಗೆ ಹೋಗಿದ್ದಾರೆ. ಜನಜಂಗುಳಿಯಲ್ಲಿ ಮ್ಯಾನೇಜರು ಹೆಸರು ಹೊಡೆದುಹಾಕುವುದನ್ನು ಮರೆತಿದ್ದಾರೆ. ರೂಮು ಖಾಲಿ, ಪುಸ್ತಕದಲ್ಲಿ ಮಾತ್ರ ಭರ್ತಿ.

ಡಿಸ್ಕಿನಲ್ಲೂ ಇಂಥ ರಿಜಿಸ್ಟರ್ ಇದೆ. ಡಿಸ್ಕನ್ನು ಸಾಮಾನ್ಯವಾಗಿ 4 ಕೆಬಿಯ ಚಿಕ್ಕ ಖಾನೆಗಳಾಗಿ ವಿಂಗಡಿಸಿ, ಒಂದೊಂದು ಖಾನೆಯೂ ಖಾಲಿಯೋ ಭರ್ತಿಯೋ ಅಂತ ಗುರುತು ಹಾಕಿರುತ್ತದೆ. ಬರೆಯುತ್ತಿರುವಾಗ ಕರೆಂಟ್ ಹೋದರೆ, ಪೆನ್ ಡ್ರೈವನ್ನು ಹಾಗೇ ಕಿತ್ತರೆ, ಗುರುತು ಬಿದ್ದಿರುತ್ತದೆ, ಫೈಲ್ ಇರುವುದಿಲ್ಲ. ಸಿ ಡ್ರೈವ್ ಬಳಸುವ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಈ ರಿಜಿಸ್ಟರಿನ ಬದಲಾವಣೆಗಳನ್ನು ದಿನಚರಿಯ ಹಾಗೆ ಬರೆದಿಡುವ ವ್ಯವಸ್ಥೆ ಇರುವುದರಿಂದ ಇದು ಕಡಿಮೆ. ಪೆನ್ ಡ್ರೈವುಗಳ ಫ್ಯಾಟ್32, ಎಕ್ಸ್‌ಫ್ಯಾಟ್ ಪದ್ಧತಿಗಳಲ್ಲಿ ಆ ದಿನಚರಿ ಇಲ್ಲ, ಅಲ್ಲಿ ಜಾಸ್ತಿ.

ಸರಿಮಾಡುವುದು ಸುಲಭ. ಡ್ರೈವ್ ಮೇಲೆ ರೈಟ್ ಕ್ಲಿಕ್, ‘ಪ್ರಾಪರ್ಟೀಸ್’, ‘ಟೂಲ್ಸ್’, ‘ಚೆಕ್’. ‘ಈ ಡ್ರೈವ್ ಸ್ಕ್ಯಾನ್ ಮಾಡುವ ಅಗತ್ಯವಿಲ್ಲ’ ಅಂತ ಇಂಗ್ಲಿಷಿನಲ್ಲಿ ಬಂದರೂ ‘ಸ್ಕ್ಯಾನ್ ಡ್ರೈವ್’ ಒತ್ತಿ. ತಪ್ಪು ಸಿಕ್ಕಿದರೆ ರಿಪೇರಿಗೆ ಕೇಳುತ್ತದೆ. ಸಿ ಡ್ರೈವಾದರೆ ರೀಸ್ಟಾರ್ಟ್ ಆಗುವಾಗ ಮಾಡುತ್ತದೆ. ಅರ್ಧಕ್ಕೆ ಆಫ್ ಮಾಡಬೇಡಿ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೂರಲೇಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದೆಯಾ? ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿದೆಯಾ? ಹಾಗಾದರೆ ಮೊದಲು ಬೇಕಾದದ್ದನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ‘ಕ್ರಿಸ್ಟಲ್‌ಡಿಸ್ಕ್‌ಇನ್ಫೋ’ ಹಾಕಿ ನೋಡಿ. ‘ಕಾಶನ್’ ಅಥವಾ ‘ಬ್ಯಾಡ್’ ಅಂತ ತೋರಿಸಿದರೆ ಸ್ಕ್ಯಾನ್, ರಿಪೇರಿ ಯಾವುದೂ ಬೇಡ. ಸಾಯುತ್ತಿರುವ ಡಿಸ್ಕನ್ನು ಓಡಿಸಿದಷ್ಟೂ ಬೇಗ ಸಾಯುತ್ತದೆ.

ಖಾಲಿ ಕಾಣುವ, ತುಂಬಿರುವ ಪೆನ್ ಡ್ರೈವ್

ಝೆರಾಕ್ಸ್ ಅಂಗಡಿಗೆ ದಿನಾ ಬರುವ ಕಾಯಿಲೆ ಇದು. 16 ಜಿಬಿ ಪೆನ್ ಡ್ರೈವ್, ತೆರೆದರೆ ಒಂದೇ ಒಂದು ಶಾರ್ಟ್‌ಕಟ್, ಆದರೆ ಜಾಗ ತುಂಬಿದೆ. ಆ ಶಾರ್ಟ್‌ಕಟ್ ಒತ್ತಬೇಡಿ. ಅದು ವೈರಸ್. ನಿಮ್ಮ ಫೈಲುಗಳನ್ನು ಅದು ಅಳಿಸಿಲ್ಲ, ಮುಚ್ಚಿಟ್ಟಿದೆ. ಮೊದಲು ಆ್ಯಂಟಿವೈರಸ್‌ನಿಂದ ಪೆನ್ ಡ್ರೈವನ್ನೂ ಕಂಪ್ಯೂಟರನ್ನೂ ಸ್ಕ್ಯಾನ್ ಮಾಡಿ. ಆಮೇಲೆ ‘ಫೋಲ್ಡರ್ ಆಪ್ಶನ್ಸ್’ಗೆ ಹೋಗಿ, ‘ವ್ಯೂ’ ಟ್ಯಾಬಿನಲ್ಲಿ ಹಿಡನ್ ಫೈಲುಗಳನ್ನು ತೋರಿಸು ಅನ್ನುವುದನ್ನು ಆರಿಸಿ, ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎದುರಿನ ಟಿಕ್ ತೆಗೆಯಿರಿ. ಫೈಲುಗಳು ಮಸುಕಾಗಿ ಕಾಣುತ್ತವೆ. ಬೇರೆ ಕಡೆಗೆ ಕಾಪಿ ಮಾಡಿ, ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿ. ಕೆಲಸ ಆದ ಮೇಲೆ ಆ ಟಿಕ್ ವಾಪಸ್ ಹಾಕುವುದನ್ನು ಮರೆಯಬೇಡಿ.

ವೈರಸ್ ಇಲ್ಲದೆಯೂ ಹೀಗಾಗಬಹುದು. ಲಿನಕ್ಸಿನಲ್ಲೋ ಮ್ಯಾಕ್‌ನಲ್ಲೋ ಪೆನ್ ಡ್ರೈವಿನ ಫೈಲ್ ಅಳಿಸಿದರೆ ಅದು ಪೆನ್ ಡ್ರೈವಿನಲ್ಲೇ ಒಂದು ಗುಪ್ತ ‘ಟ್ರ್ಯಾಶ್’ ಫೋಲ್ಡರಿಗೆ ಹೋಗುತ್ತದೆ. ಮೇಲಿನ ದಾರಿಯಲ್ಲೇ ಅದೂ ಕಾಣುತ್ತದೆ. ಅಳಿಸಿ.

ಚಿಕ್ಕ ಚಿಕ್ಕ ಫೈಲುಗಳ ಮಹಿಮೆ ಇನ್ನೊಂದು. 32 ಜಿಬಿಗಿಂತ ದೊಡ್ಡ ಡ್ರೈವನ್ನು ವಿಂಡೋಸಿನಲ್ಲಿ ಎಕ್ಸ್‌ಫ್ಯಾಟ್ ಮಾಡಿದರೆ ಒಂದೊಂದು ಖಾನೆ 128 ಕೆಬಿ ಆಗುತ್ತದೆ. 2 ಕೆಬಿಯ ಫೈಲಿಗೂ ಪೂರ್ತಿ 128 ಕೆಬಿ. ಅಂಥ ಒಂದು ಲಕ್ಷ ಫೈಲುಗಳಲ್ಲಿ ಇರುವುದು ಸುಮಾರು 200 ಎಂಬಿ, ಹಿಡಿಯುವುದು 12 ಜಿಬಿಗೂ ಜಾಸ್ತಿ. ಜಿಪ್ ಮಾಡಿ ಇಡಿ.

ಎರಡು ವಿಚಿತ್ರ ಕೇಸು

ಕೆಲವರಿಗೆ ‘ಲೋ ಡಿಸ್ಕ್ ಸ್ಪೇಸ್’ ಅಂತ ಐದೈದು ನಿಮಿಷಕ್ಕೆ ಬರುತ್ತಿರುತ್ತದೆ, ಆದರೆ ಸಿ ಡ್ರೈವ್ ಚೆನ್ನಾಗಿಯೇ ಇರುತ್ತದೆ. ‘ದಿಸ್ ಪಿಸಿ’ಯಲ್ಲಿ ಐದಾರು ನೂರು ಎಂಬಿಯ ಹೊಸ ಡ್ರೈವ್ ಒಂದು ಕೆಂಪಗೆ ಕೂತಿದೆಯಾ ನೋಡಿ. ಅದು ರಿಕವರಿ ಪಾರ್ಟಿಶನ್, ಅಂದರೆ ವಿಂಡೋಸ್ ಕೆಟ್ಟಾಗ ಸರಿಮಾಡಲು ಎತ್ತಿಟ್ಟಿರುವ ಡಿಸ್ಕಿನ ಭಾಗ. ಅದಕ್ಕೆ ಸಿ, ಡಿ ಅಂಥ ಅಕ್ಷರ ಇರಬಾರದು, ಹೇಗೋ ಬಂದುಬಿಟ್ಟಿದೆ. 2018ರ ಏಪ್ರಿಲ್ ಅಪ್‌ಡೇಟ್ ಆದ ಮೇಲೆ ವಿಂಡೋಸ್ 10ರಲ್ಲಿ ಬಹಳ ಜನರಿಗೆ ಹೀಗಾಗಿತ್ತು. ಅದರೊಳಗಿನದನ್ನು ಅಳಿಸಬೇಡಿ. ಅಡ್ಮಿನಿಸ್ಟ್ರೇಟರ್ ಕಪ್ಪು ಕಿಟಕಿಯಲ್ಲಿ ಮೌಂಟ್‌ವಾಲ್ (ಎಂ, ಓ, ಯು, ಎನ್, ಟಿ, ವಿ, ಓ, ಎಲ್) ಎಂದು ಟೈಪ್ ಮಾಡಿ. ಜಾಗ ಬಿಟ್ಟು ಆ ಡ್ರೈವಿನ ಅಕ್ಷರ, ಅದಕ್ಕೆ ಅಂಟಿ ಕೋಲನ್. ಮತ್ತೆ ಜಾಗ ಬಿಟ್ಟು ಸ್ಲ್ಯಾಶ್ ಡಿ. ಅಕ್ಷರ ಹೋಗುತ್ತದೆ, ಕಿರಿಕಿರಿಯೂ ಹೋಗುತ್ತದೆ. ಅಕ್ಷರವನ್ನು ಎರಡು ಸಲ ನೋಡಿಕೊಂಡು ಎಂಟರ್ ಒತ್ತಿ.

ಇನ್ನೊಂದು, ಹಳೆಯ ಚಿಕ್ಕ ಡಿಸ್ಕಿನಿಂದ ಹೊಸ ದೊಡ್ಡ ಡಿಸ್ಕಿಗೆ ಕ್ಲೋನ್ (ಇದ್ದದ್ದು ಇದ್ದ ಹಾಗೇ ನಕಲು) ಮಾಡಿಸಿದವರದು. 1 ಟಿಬಿ ಹಾಕಿಸಿದರೂ ಸಿ ಡ್ರೈವ್ ಹಳೆಯ 237 ಜಿಬಿಯಲ್ಲೇ ಇರುತ್ತದೆ. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ‘ಅನ್‌ಅಲೊಕೇಟೆಡ್’ ಅಂತ ಕಪ್ಪು ಪಟ್ಟಿ ಸಿಯ ಬಲಕ್ಕೇ ಇದ್ದರೆ ಸಿ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಕ್ಸ್‌ಟೆಂಡ್ ವಾಲ್ಯೂಮ್’ ಒತ್ತಿ. ಎರಡರ ನಡುವೆ ರಿಕವರಿ ಪಾರ್ಟಿಶನ್ ಕೂತಿದ್ದರೆ ಈ ಆಯ್ಕೆ ಬರುವುದಿಲ್ಲ. ಆಗ ಕ್ಲೋನ್ ಮಾಡಿದವರ ಹತ್ತಿರವೇ ಹೋಗಿ ಕೇಳಿ, ದುಡ್ಡು ಕೊಟ್ಟಿದ್ದೀರಿ ಅಲ್ವಾ.

ಬಾಕಿ ನಾಲ್ಕೂವರೆ ಜಿಬಿ

ಅದು ಸಿಕ್ಕಿದ್ದು ‘ಯೂಸರ್ಸ್’ ಫೋಲ್ಡರಿನಲ್ಲಿ. ಹಿಂದೆ ಅದೇ ಅಂಗಡಿಯಲ್ಲಿ ಕೆಲಸಕ್ಕಿದ್ದ ಇನ್ನೊಬ್ಬ ಹುಡುಗನ ಅಕೌಂಟು ಇನ್ನೂ ಹಾಗೇ ಇತ್ತು. ಬೇರೆ ಯೂಸರಿನ ಫೋಲ್ಡರಿಗೆ ನಮಗೆ ಅನುಮತಿ ಇಲ್ಲದಿದ್ದರೆ ‘ಪ್ರಾಪರ್ಟೀಸ್’ ಅದನ್ನು ಎಣಿಸುವುದಿಲ್ಲ. ಎರಡು ಸಲ ಕ್ಲಿಕ್ ಮಾಡಿ ‘ಕಂಟಿನ್ಯೂ’ ಒತ್ತಿದ ಮೇಲೆ ತೆರೆಯಿತು. ವಿಡಿಯೋಸ್ ಒಳಗೆ ಒಂದೇ ಫೈಲು. ‘ಸೆಟ್ಟಿಂಗ್ಸ್’, ‘ಅಕೌಂಟ್ಸ್’, ‘ಅದರ್ ಯೂಸರ್ಸ್’ನಲ್ಲಿ ‘ರಿಮೂವ್’ ಒತ್ತಿದರೆ ಅಕೌಂಟಿನ ಜೊತೆ ಅದೂ ಹೋಗುತ್ತಿತ್ತು. ಒತ್ತುವ ಮೊದಲು ಫೋನ್ ಮಾಡಿಸಿದೆ.

“ಅಯ್ಯೋ ಅಳಿಸ್ಬೇಡಿ ಕಣಣ್ಣ, ನಮ್ಮಕ್ಕನ ಮದುವೆ ವಿಡಿಯೋ ಅದು. ಬೇರೆ ಎಲ್ಲೂ ಇಲ್ಲ” ಅಂದ. ಅರ್ಧ ಗಂಟೆಯಲ್ಲಿ ಪೆನ್ ಡ್ರೈವ್ ಹಿಡಿದು ಬಂದೇಬಿಟ್ಟ. 32 ಜಿಬಿಯದು, 28 ಜಿಬಿ ಖಾಲಿ. ಕಾಪಿ ಹಾಕಿದರೆ ‘ಫೈಲ್ ತುಂಬಾ ದೊಡ್ಡದು’ ಅಂತ ಇಂಗ್ಲಿಷಿನಲ್ಲಿ ಬಂತು.

“ಇದೂ ಫುಲ್ಲಾ?” ಅಂತ ಅಂಗಡಿಯ ಹುಡುಗ ನನ್ನ ಮುಖ ನೋಡಿದ.

ಫುಲ್ ಅಲ್ಲ. ಅದು ಫ್ಯಾಟ್32ರಲ್ಲಿತ್ತು. ಎಷ್ಟೇ ಜಾಗ ಖಾಲಿ ಇದ್ದರೂ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಫ್ಯಾಟ್32 ತೆಗೆದುಕೊಳ್ಳುವುದಿಲ್ಲ. ಪೆನ್ ಡ್ರೈವಿನಲ್ಲಿದ್ದ ಹಾಡುಗಳನ್ನು ಡಿ ಡ್ರೈವಿಗೆ ಇಳಿಸಿ, ರೈಟ್ ಕ್ಲಿಕ್ ಮಾಡಿ ‘ಫಾರ್ಮ್ಯಾಟ್’, ‘ಫೈಲ್ ಸಿಸ್ಟಮ್’ ಎದುರಿಗೆ ಎಕ್ಸ್‌ಫ್ಯಾಟ್ ಆರಿಸಿ, ‘ಸ್ಟಾರ್ಟ್’ ಒತ್ತಿದೆವು. ಕಾಪಿ ಶುರುವಾಯಿತು. ಅಷ್ಟರಲ್ಲಿ ಸಿ ಡ್ರೈವಿನ ಪಟ್ಟಿ ನೀಲಿಗೆ ತಿರುಗಿ 81 ಜಿಬಿ ಖಾಲಿ ತೋರಿಸುತ್ತಿತ್ತು. ವಿಡಿಯೋ ಹೋಗುತ್ತಿರುವಾಗಲೇ ಹುಡುಗ ಲಗ್ನಪತ್ರಿಕೆಯ ಪ್ರಿಂಟ್ ಒತ್ತಿದ.